ಮಕ್ಕಳ ಕಾದಂಬರಿಯ ‘ಕಷ್ಟದ ಪದ’ಗಳಿಗೆ ಕೈ ಹಚ್ಚಬೇಡಿ

ಸಂಪಾದಕರಿಗೆ ನಮಸ್ಕಾರ.

ಎರಡು ಭಾನುವಾರಗಳ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಮುಂಬೈಯ ಮಕ್ಕಳು ಕನ್ನಡ ಪುಸ್ತಕ ಓದಬೇಕಾದರೆ ಅದರೊಳಗಿನ ಕಷ್ಟದ ಪದಗಳನ್ನೆಲ್ಲ ತೆಗೆದು ಸುಲಭದ ಪದ ಹಾಕಿ ಅಚ್ಚು ಮಾಡಬೇಕು, ಇಲ್ಲದಿದ್ದರೆ ಇಲ್ಲಿಯ ಮಕ್ಕಳು ಎರಡನೇ ಪುಟಕ್ಕೇ ಪುಸ್ತಕ ಮುಚ್ಚಿಡುತ್ತಾರೆ ಅಂತ. ಅವರ ಕಾಳಜಿ ನಿಜವಾದದ್ದೇ. ಹೇಳಿದ ಮದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ಆವತ್ತೇ ಬರೆಯೋಣ ಅಂದುಕೊಂಡೆ. ಡೊಂಬಿವಲಿಯಿಂದ ದಾದರಿಗೆ ದಿನಾ ಹೋಗಿ ಬರುವವಳಿಗೆ ಪುರುಸೊತ್ತು ಸಿಗುವುದು ಭಾನುವಾರ ಮಾತ್ರ, ಅದರಲ್ಲೂ ಮೊದಲ ಭಾನುವಾರ ನೆಂಟರು ಬಂದರು. ಹಾಗಾಗಿ ತಡ.

ನಮ್ಮ ಮನೆಯ ಕಥೆ ಸ್ವಲ್ಪ ಹೇಳದೆ ಇದು ಅರ್ಥವಾಗುವುದಿಲ್ಲ. ನಮ್ಮ ಮನೆಮಾತು ತುಳು. ಮುಂಬೈಯಲ್ಲಿ ಕನ್ನಡಿಗರು ಅನ್ನಿಸಿಕೊಂಡವರಲ್ಲಿ ನಮ್ಮಂಥವರು ಎಷ್ಟು ಜನ ಅಂತ ನಿಮಗೇ ಗೊತ್ತು. ಒಳಗೆ ತುಳುವೋ ಕೊಂಕಣಿಯೋ, ಬಾಗಿಲು ದಾಟಿದರೆ ಮರಾಠಿ, ಟ್ರೇನಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಕನ್ನಡ ಅಂದರೆ ಪೇಪರು, ಯಕ್ಷಗಾನ, ಸಂಘದ ಕಾರ್ಯಕ್ರಮ, ಮದುವೆಯ ಕರೆಯೋಲೆ. ಅಪ್ಪ ಹದಿಮೂರನೇ ವಯಸ್ಸಿಗೆ ಕಾರ್ಕಳದ ಕಡೆಯ ಒಂದು ಹಳ್ಳಿಯಿಂದ ಬಂದು ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಕಪ್ಪು-ಬಸಿ ತೊಳೆಯಲು ನಿಂತವರು. ಹಗಲು ಹೋಟೆಲು, ರಾತ್ರಿ ಕನ್ನಡ ರಾತ್ರಿಶಾಲೆ. ಊರಿಂದ ಬಂದ ಹೋಟೆಲ್ ಹುಡುಗರಿಗೆ ಆಗ ಅದೊಂದೇ ದಾರಿ. ನಾನು ಓದಿದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ, ಏಳನೆಯವರೆಗೆ. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲಿ ಒಂದು. ಆದರೆ ನನ್ನ ಮಗಳನ್ನು ನಾನು ಅಲ್ಲಿಗೆ ಕಳಿಸಲಿಲ್ಲ. ಅದನ್ನು ಮುಚ್ಚಿಡುವುದೇನು ಬಂತು. ಅವಳದು ಇಂಗ್ಲಿಷ್ ಶಾಲೆ, ಜೊತೆಗೆ ಮರಾಠಿ, ಹಿಂದಿ. ಈಗ ಹನ್ನೊಂದು ವರ್ಷ. ಕನ್ನಡ ಅಕ್ಷರ ಕಲಿಸಿದ್ದು ಅಜ್ಜ, ಇದೇ ನಿಮ್ಮ ಪೇಪರಿನ ಹೆಡ್‌ಲೈನುಗಳ ಮೇಲೆ ಬೆರಳಿಟ್ಟು.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ಉಡುಪಿಯಲ್ಲಿ ಒಂದು ಮಕ್ಕಳ ಕಾದಂಬರಿ ಕೊಂಡೆ. ಸಣ್ಣ ಪುಸ್ತಕ. ಹೆಸರು ಹೇಳುವುದಿಲ್ಲ, ಪ್ರಚಾರ ಮಾಡಲು ಪತ್ರ ಬರೆದಳು ಅನ್ನುವವರೂ ಇರುತ್ತಾರೆ. ಕಥೆ ಇಷ್ಟೇ. ರಜೆಗೆ ಬಂದ ಪೇಟೆಯ ಹುಡುಗ ಮಳೆಗಾಲ ಶುರುವಾದರೂ ಘಟ್ಟದ ಬುಡದ ಅಜ್ಜಿಮನೆಯಲ್ಲೇ ಉಳಿಯುತ್ತಾನೆ. ಮೇಯಲು ಬಿಟ್ಟ ಹಸು ಒಂದು ಸಂಜೆ ವಾಪಸ್ ಬರುವುದಿಲ್ಲ. ಆಮೇಲೆ ಅದನ್ನು ಹುಡುಕುವುದೇ ಕಥೆ.

ವಾಪಸ್ ಬರುವಾಗ ಮತ್ಸ್ಯಗಂಧ ರೈಲಿನಲ್ಲೇ ಮಗಳು ಓದಲು ಶುರುಮಾಡಿದಳು. ಕುಮಟಾ ಬರುವಷ್ಟರಲ್ಲಿ ಮೊದಲ ತಕರಾರು.

“ಅಮ್ಮ, ಈ ಪುಸ್ತಕ ಪೂರಾ ಸುಳ್ಳು. ಹುಡುಗ ಹಾಳೆಯ ಮೇಲೆ ಕೂತನಂತೆ, ಅವನ ಅಣ್ಣ ಎಳ್ಕೊಂಡು ಅಂಗಳವಿಡೀ ಓಡಿದನಂತೆ. ಪೇಪರ್ ಹರಿಯಲ್ವಾ?”

ಹೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ನನಗೂ ಒಂದು ಗಳಿಗೆ ಹೊಳೆಯಲಿಲ್ಲ. ನನಗೂ ಹಾಳೆ ಅಂದರೆ ನೋಟ್‌ಬುಕ್ಕಿನ ಹಾಳೆಯೇ. ಎದುರಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ ಅಪ್ಪ ಹಾಗೇ ನಗಲು ಶುರುಮಾಡಿದರು. “ಅದು ಪಾಳೆ” ಅಂದರು. ಅಡಕೆ ಮರದ ಸೋಗೆ ಒಣಗಿ ಬೀಳುವಾಗ ಅದರ ಬುಡದಲ್ಲಿ ಚರ್ಮದ ಹಾಗೆ ಅಗಲವಾಗಿ ಇರುತ್ತದಲ್ಲ, ಅದು. ಮಕ್ಕಳು ಅದರ ಮೇಲೆ ಕೂರುವುದು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯುವುದು. ಬೀಸಣಿಗೆಯೂ ಅದರದ್ದೇ, ಕೆಲಸದವರು ತಲೆಗಿಡುವ ಮುಟ್ಟಾಳೆಯೂ ಅದರದ್ದೇ. ಮಗಳ ಹುಟ್ಟುಹಬ್ಬಕ್ಕೆ ನಾವು ಡೊಂಬಿವಲಿ ಸ್ಟೇಷನ್ ಹತ್ತಿರ ಕೊಂಡ ಅಡಕೆ ತಟ್ಟೆಗಳು ಇದ್ದವಲ್ಲ, ಪ್ಲಾಸ್ಟಿಕ್ ಬೇಡ ಅಂತ, ಅವೂ ಅದೇ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಅವಳು ಅದರಲ್ಲಿ ಕೇಕ್ ತಿಂದಿದ್ದಳು. ಹೆಸರು ಗೊತ್ತಿರಲಿಲ್ಲ ಅಷ್ಟೆ.

ಈಗ ಹೇಳಿ, ಆ ಪದ ತೆಗೆದು ಏನು ಹಾಕುತ್ತೀರಿ? ‘ಹುಡುಗ ಅಡಕೆ ಗರಿಯ ಬುಡದ ಅಗಲವಾದ ಭಾಗದ ಮೇಲೆ ಕೂತ’ ಅಂತಲೇ? ಅಷ್ಟು ಓದುವುದರೊಳಗೆ ಅವನನ್ನು ಎಳೆದುಕೊಂಡು ಅಂಗಳ ಎರಡು ಸುತ್ತು ಬಂದಾಗಿರುತ್ತದೆ.

ಇನ್ನೊಂದು ಪದದ ಕಥೆ ಇದಕ್ಕಿಂತ ಚೆನ್ನಾಗಿದೆ. ‘ರಾತ್ರಿಯ ಮಳೆಗೆ ಹಳ್ಳ ತುಂಬಿ ಹರಿಯುತ್ತಿತ್ತು’ ಅಂತ ಒಂದು ವಾಕ್ಯ. ಮಗಳು ಪೇಪರಿನಲ್ಲಿ ‘ಹಳ್ಳ ಬಿದ್ದ ರಸ್ತೆ’ ಓದಿದ್ದಳು. ಅವಳ ಲೆಕ್ಕದಲ್ಲಿ ಹಳ್ಳ ಅಂದರೆ ಗುಂಡಿ, ಇಲ್ಲಿಯ ಖಡ್ಡಾ. ಆದ್ದರಿಂದ ಅವಳು ಏನೂ ಕೇಳಲೇ ಇಲ್ಲ. ಜುಲೈ ತಿಂಗಳ ಡೊಂಬಿವಲಿಯಲ್ಲಿ ಬೆಳೆದ ಮಗುವಿಗೆ ಗುಂಡಿ ತುಂಬಿ ಹರಿಯುವುದರಲ್ಲಿ ಆಶ್ಚರ್ಯ ಏನಿದೆ? ಹಾಗೇ ಮುಂದೆ ಹೋದಳು. ಮೂವತ್ತು ನಲವತ್ತು ಪುಟ ಆದಮೇಲೆ ಒಂದು ಕಡೆ ಹುಡುಗ ಸಂಕದ ಮೇಲೆ ಹಳ್ಳ ದಾಟುತ್ತಾನೆ, ಕೆಳಗೆ ನೀರು ಕೆಂಪಾಗಿ ಹೋಗುತ್ತಿರುತ್ತದೆ, ಕಾಲು ನಡುಗುತ್ತದೆ. ಅಲ್ಲಿ ನಿಂತಳು. “ಗುಂಡಿ ದಾಟೋಕೆ ಇವನಿಗೆ ಇಷ್ಟು ಹೆದರಿಕೆ ಯಾಕೆ?” ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದಿನ ಪುಟಕ್ಕೆ ಹೋಗಿ ಮತ್ತೆ ಓದಿ, “ಓ, ಇದು ನದಿ ಥರ ಏನೋ, ಸಣ್ಣದು” ಅಂದಳು. ನಾನು ಬಾಯಿ ಬಿಟ್ಟಿರಲಿಲ್ಲ. ನಾನು ಹೇಳಿಕೊಟ್ಟಿದ್ದರೆ ತಲೆ ಆಡಿಸಿ ಮರೆತುಬಿಡುತ್ತಿದ್ದಳು. ತಪ್ಪು ತಿಳಿದುಕೊಂಡದ್ದನ್ನು ಕಥೆಯೇ ತಿದ್ದಿತು.

ಸಂಕ ಅನ್ನುವ ಪದ ಮಾತ್ರ ಅವಳಿಗೆ ದಕ್ಕಲಿಲ್ಲ. ಅಪ್ಪನಿಗೆ ಕಣ್ಣಿನ ತೊಂದರೆಯಿಂದ ಈಗ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಹಾಗಾಗಿ ರಾತ್ರಿ ಊಟ ಆದಮೇಲೆ ಮೊಮ್ಮಗಳು ಗಟ್ಟಿಯಾಗಿ ಓದುವುದು, ಅಜ್ಜ ಕೇಳುವುದು. ಸಂಕ ಬಂದ ರಾತ್ರಿ ಅಪ್ಪ ಎದ್ದು ನಿಂತರು. ಎರಡು ಅಡಕೆ ಮರ ಅಡ್ಡ ಹಾಕಿ ಕಟ್ಟಿರುತ್ತಿದ್ದರು, ಹಿಡಿಯಲು ಒಂದು ಬಿದಿರು, ಅದೂ ಎಲ್ಲ ವರ್ಷ ಇರುತ್ತಿರಲಿಲ್ಲ ಅಂದರು. ಮಳೆಗೆ ಮರ ಪಾಚಿ ಹಿಡಿದು ಜಾರುತ್ತಿತ್ತಂತೆ. ಹೆಬ್ಬೆರಳು ಹೇಗೆ ಒತ್ತಿ ಇಡಬೇಕು, ಪಾದ ಎಷ್ಟು ಓರೆ ಮಾಡಬೇಕು ಅಂತ ಹಾಲಿನ ಟೈಲ್ಸ್ ಮೇಲೆ ನಡೆದು ತೋರಿಸಿದರು. ಎಪ್ಪತ್ತನಾಲ್ಕು ವಯಸ್ಸು, ಎರಡೂ ಮೊಣಕಾಲು ನೋವು, ಬೇಡ ಅಪ್ಪ ಅಂದರೂ ಕೇಳಲಿಲ್ಲ. ಶಾಲೆಗೆ ಹೋಗುವಾಗ ತಾನು ಆಚೆ ದಡ ಸೇರುವವರೆಗೂ ಅಮ್ಮ ಮಳೆಯಲ್ಲೇ ನಿಂತು ನೋಡುತ್ತಿದ್ದರಂತೆ, ಕೂಗುತ್ತಿರಲಿಲ್ಲವಂತೆ, ಕೂಗಿದರೆ ಮಗ ತಿರುಗಿ ನೋಡಿ ಬೀಳುತ್ತಾನೆ ಅಂತ. ಇದನ್ನು ನಾನು ನನ್ನ ಆಯುಷ್ಯದಲ್ಲಿ ಮೊದಲ ಸಲ ಕೇಳಿದ್ದು. ಮಾರನೇ ದಿನ ಪಕ್ಕದ ಮನೆಯ, ಮಹಾರಾಷ್ಟ್ರ ಕರಾವಳಿಯ ಮಾಲ್ವಣದ ಅಜ್ಜಿಗೆ ಮಗಳು ಇದೆಲ್ಲ ಹೇಳಿದಾಗ ಅವರು, ಅಯ್ಯೋ ಅದು ನಮ್ಮ ಊರಿನ ‘ಸಾಕವ್’ ಅಲ್ವಾ ಅಂದರಂತೆ. ಎರಡೂ ಪದ ಅಕ್ಕತಂಗಿಯರ ಹಾಗೆ ಕೇಳಿಸುತ್ತವೆ. ಕರಾವಳಿಯ ಉದ್ದಕ್ಕೂ ಮಳೆಯೂ ಒಂದೇ, ತೋಡೂ ಒಂದೇ, ದಾಟುವ ಮರವೂ ಒಂದೇ ಇರಬೇಕು.

ಅಂದ ಹಾಗೆ ಅದೇ ಅಜ್ಜಿ ಎಲೆ ಅಡಕೆ ಹಾಕುತ್ತಾರೆ. ಪುಸ್ತಕದಲ್ಲಿ ಅಡಕತ್ತರಿ ಬಂದಾಗ ನಾನು ವಿವರಿಸಲು ಹೊರಟೆ. ಮಗಳು ಕೈ ಅಡ್ಡ ಹಿಡಿದು “ಗೊತ್ತು, ಆಜಿ ಹತ್ರ ಇದೆ, ಅಡಕಿತ್ತಾ” ಅಂದಳು. ಮರಾಠಿಯ ಆ ಪದ ಕನ್ನಡದಿಂದ ಹೋದದ್ದು ಅಂತ ಮರಾಠಿಯವರೇ ಒಪ್ಪುತ್ತಾರೆ. ನಮ್ಮ ಪದ ಪಕ್ಕದ ಮನೆಯಲ್ಲಿ ಚೆನ್ನಾಗಿ ಬಾಳಿಕೊಂಡಿದೆ, ಇಲ್ಲಿ ನಾವು ಅದನ್ನು ಕಷ್ಟದ ಪದ ಅಂತ ಪುಸ್ತಕದಿಂದ ತೆಗೆಯುವ ಮಾತಾಡುತ್ತಿದ್ದೇವೆ.

ಎಲ್ಲ ಸಲವೂ ಹೀಗೆ ಸರಾಗ ಆಗುವುದಿಲ್ಲ, ಅದನ್ನೂ ಹೇಳಬೇಕು. ಕಳೆದ ವರ್ಷ ಮಗಳು ಸಂಘದ ಬೋರ್ಡಿನಲ್ಲಿ ‘ಉಪನ್ಯಾಸ’ ಅಂತ ಓದಿ ಕಥೆಪುಸ್ತಕ ಹಂಚುತ್ತಾರೆ ಅಂತ ಬಂದು ಒಂದೂವರೆ ಗಂಟೆ ಭಾಷಣ ಕೇಳಿದಳು ಪಾಪ. ಹಿಂದಿಯಲ್ಲಿ ಉಪನ್ಯಾಸ್ ಅಂದರೆ ಕಾದಂಬರಿ ತಾನೇ. ಮರಾಠಿ ಈ ವಿಷಯದಲ್ಲಿ ನಮ್ಮ ಕಡೆ, ಅವರೂ ಕಾದಂಬರಿ ಅಂತಲೇ ಹೇಳುವುದು.

ಪದ ಕಲಿಸಲು ಹೋಗಿ ನಾನು ಮಾಡಿದ ಒಂದು ತಪ್ಪು ಇಲ್ಲಿ ಬರೆಯುತ್ತೇನೆ, ಬೇರೆ ಅಮ್ಮಂದಿರು ಮಾಡದೆ ಇರಲಿ ಅಂತ. ರೈಲು ಇಳಿದ ಮಾರನೇ ದಿನವೇ ಒಂದು ನೂರು ಪುಟದ ನೋಟ್‌ಬುಕ್ ತಂದೆ. ಗೆರೆ ಎಳೆದೆ. ಎಡಗಡೆ ಪದ, ಬಲಗಡೆ ಅರ್ಥ. ಪ್ರತಿ ಪುಟ ಓದಿದ ಮೇಲೆ ಗೊತ್ತಿಲ್ಲದ ಪದ ಎಲ್ಲ ಬರೆಯಬೇಕು. ಮೊದಲ ದಿನ ಹದಿನೇಳು ಪದ. ಎರಡನೇ ದಿನ ಹನ್ನೊಂದು. ಮೂರನೇ ದಿನ ಪುಸ್ತಕ ಕಾಣೆ. ನಾಲ್ಕು ದಿನ ಹುಡುಕಿದೆವು, ಕಥೆಯ ಹಸುವಿನ ಹಾಗೆ. ಕೊನೆಗೆ ಕಪಾಟಿನ ಮೇಲೆ, ಗಣಪತಿ ಅಲಂಕಾರದ ಡಬ್ಬದ ಹಿಂದೆ ಸಿಕ್ಕಿತು. ಇಟ್ಟವಳು ಅವಳೇ. ಬೈಯಲು ಬಾಯಿ ಬರಲಿಲ್ಲ. ಕಥೆ ಓದು ಅಂತ ಕೊಟ್ಟು ಅದನ್ನು ಹೋಮ್‌ವರ್ಕ್ ಮಾಡಿದವಳು ನಾನು.

ಆಮೇಲೆ ಅವಳೇ ನಿಯಮ ಮಾಡಿದಳು. ದಿನಕ್ಕೆ ಜಾಸ್ತಿ ಅಂದರೆ ಮೂರು ಪದ, ಯಾವುದು ಅಂತ ಅವಳೇ ಆರಿಸುವುದು, ಅರ್ಥ ಬರೆಯುವ ಹಾಗಿಲ್ಲ, ಆ ಪದ ಬಂದ ವಾಕ್ಯ ಮಾತ್ರ. ಉಳಿದದ್ದನ್ನು ಬಿಟ್ಟು ಮುಂದೆ ಓದುವುದು. ಬಿಟ್ಟ ಪದ ಎಲ್ಲಿಗೂ ಹೋಗುವುದಿಲ್ಲ. ಮೂರು ಅಧ್ಯಾಯ ಆದಮೇಲೆ ತಾನೇ ಬಂದು ಎದುರು ನಿಲ್ಲುತ್ತದೆ. ‘ಮೆಲುಕು’ ಹಾಗೇ ಬಂತು. ಮೊದಲು ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತಾ ಮಲಗಿರುತ್ತದೆ. ಹುಡುಗ ಅದರ ಬಾಯನ್ನೇ ನೋಡುತ್ತಾ, ಇದು ಈಗ ಏನನ್ನೂ ತಿಂದಿಲ್ಲ, ಆದರೂ ಅಗಿಯುತ್ತಿದೆ ಅಂತ ಯೋಚಿಸುತ್ತಾನೆ. ಹಸು ಕಳೆದ ಮೇಲೆ ಒಂದು ರಾತ್ರಿ ಅಜ್ಜಿ ಜಗಲಿಯಲ್ಲಿ ಕೂತು ಹಳೆಯದನ್ನೆಲ್ಲ ಮೆಲುಕು ಹಾಕುತ್ತಿದ್ದಳು ಅಂತ ಬರುತ್ತದೆ. ಮಗಳು ಅಲ್ಲಿ ಓದುವುದು ನಿಲ್ಲಿಸಿ ಅಜ್ಜನ ಮುಖ ನೋಡಿದಳು. “ಅಜ್ಜ, ನೀವೂ ಸಂಕದ ಬಗ್ಗೆ ಹೇಳುವಾಗ ಇದನ್ನೇ ಮಾಡಿದ್ದು.”

ಇದಕ್ಕೆ ಪುಟದ ಕೆಳಗೆ ‘ಮೆಲುಕು ಹಾಕು = ಸ್ಮರಿಸು’ ಅಂತ ಅಚ್ಚು ಹಾಕಿದ್ದರೆ ಆ ಹಸು ಅಲ್ಲೇ ಸತ್ತುಹೋಗುತ್ತಿತ್ತು.

ಈ ಪದಗಳ ಅರ್ಥದ ಪಟ್ಟಿಗಳ ಬಗ್ಗೆಯೂ ನನಗೆ ಒಂದು ಸಿಟ್ಟು ಇದೆ. ನಾವು ಹಿಂದೆ ತಂದಿದ್ದ ಇನ್ನೊಂದು ಮಕ್ಕಳ ಪುಸ್ತಕದ ಕೊನೆಯಲ್ಲಿ ಅಂಥ ಪಟ್ಟಿ ಇತ್ತು. ಜೀರುಂಡೆ ಎಂದರೆ ಒಂದು ಬಗೆಯ ಕೀಟ. ಗೊರಬು ಎಂದರೆ ಆಚ್ಛಾದನ. ಮೊದಲನೆಯದು ಏನೂ ಹೇಳಲಿಲ್ಲ, ಸೊಳ್ಳೆಯೂ ಒಂದು ಬಗೆಯ ಕೀಟವೇ. ಎರಡನೆಯದಕ್ಕೆ ಇನ್ನೊಂದು ಪಟ್ಟಿ ಬೇಕು. ಗೊರಬು ಅಂದರೆ ನಾಟಿ ಮಾಡುವ ಹೆಂಗಸರು ಬೆನ್ನಿನ ಮೇಲೆ ಹಾಕಿಕೊಳ್ಳುವ ಓಲೆಯ ಹೊದಿಕೆ, ಬಗ್ಗಿ ಕೆಲಸ ಮಾಡುವಾಗ ಎರಡೂ ಕೈ ಖಾಲಿ ಇರಬೇಕಲ್ಲ, ಅದಕ್ಕೆ. ತುಳುವಿನಲ್ಲಿ ಕೊರಂಬು. ಇಷ್ಟು ಹೇಳಿದರೆ ಮಗು ಚಿತ್ರ ಬರೆಯುತ್ತದೆ. ಆಚ್ಛಾದನ ಅಂದರೆ ಆಕಳಿಸುತ್ತದೆ.

ನಿಘಂಟು ನೋಡಲಿ ಅನ್ನುತ್ತೀರಾ? ನೋಡಬೇಕು, ಬೇಡ ಅನ್ನುವುದಿಲ್ಲ. ವಿ. ಕೃಷ್ಣ ಅವರು ಹಲವು ದಶಕ ಕೂತು ಕೂಡಿಸಿದ ‘ಅಲರ್’ ನಿಘಂಟು ಇದೆ, ಒಂದೂವರೆ ಲಕ್ಷಕ್ಕೂ ಜಾಸ್ತಿ ಪದ, 2019ರಿಂದ ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಿ. ಅರ್ಥ ಇಂಗ್ಲಿಷಿನಲ್ಲಿ ಇರುವುದರಿಂದ ಇಲ್ಲಿಯ ಮಕ್ಕಳಿಗೆ ಇನ್ನೂ ಅನುಕೂಲ. ಆದರೆ ಕನ್ನಡ ನಿಘಂಟು ನೋಡುವುದಕ್ಕೂ ಒಂದು ವಿದ್ಯೆ ಬೇಕು. ‘ಅಜ್ಜಿ ಮಿಂದು ಬಂದಳು’ ಅಂತ ಇತ್ತು. ಮಗಳು ‘ಮಿಂದು’ ಹುಡುಕಿ ಹುಡುಕಿ ಸುಸ್ತಾದಳು. ಸಾಮಾನ್ಯವಾಗಿ ಇದನ್ನು ‘ಮೀ’ ಅಥವಾ ‘ಮೀಯು’ ಅಂತ ನೋಡಬೇಕು. ‘ಬಿದ್ದು’ ಬೇಕಾದರೆ ‘ಬೀಳು’, ‘ನಿಂತು’ ಬೇಕಾದರೆ ‘ನಿಲ್ಲು’, ‘ಎದ್ದು’ ಬೇಕಾದರೆ ‘ಏಳು’, ಅಲ್ಲಿ ಹೋದರೆ ಸಂಖ್ಯೆ ಏಳೂ ಕೂತಿರುತ್ತದೆ. ಕನ್ನಡ ಗೊತ್ತಿದ್ದವರಿಗೆ ಮಾತ್ರ ಕನ್ನಡ ನಿಘಂಟು ಬಾಗಿಲು ತೆರೆಯುತ್ತದೆ, ಇದೊಂದು ತಮಾಷೆ. ‘ಮಿಂದು’ ಕೊನೆಗೆ ತೆರೆದದ್ದು ತುಳುವಿನ ಕೀಲಿಯಿಂದ. ಸ್ನಾನ ಮಾಡುವುದಕ್ಕೆ ನಾವು ಮೀಪಿನಿ ಅನ್ನುತ್ತೇವಲ್ಲ. ಮಗಳು ಹುಟ್ಟಿದಾಗಿಂದ ಕೇಳಿದ ಪದ, ಬಚ್ಚಲಮನೆ ಬಾಗಿಲಲ್ಲಿ ದಿನಾ ಬೆಳಿಗ್ಗೆ ನಾನು ಕಿರುಚುವ ಪದ.

ಅಲ್ಲಿಂದ ಅವಳಿಗೆ ಒಂದು ಆಟ ಸಿಕ್ಕಿತು. ಹಳಗನ್ನಡದಲ್ಲಿ ಪ ಇದ್ದದ್ದು ಆಮೇಲೆ ಹ ಆಯಿತು, ತುಳು ಮಾತ್ರ ಎಷ್ಟೋ ಕಡೆ ಪ ಉಳಿಸಿಕೊಂಡಿತು ಅಂತ ನಾನು ಶಾಲೆಯಲ್ಲಿ ಕಲಿತದ್ದನ್ನು ಹೇಳಿದೆ. ಪಾಳೆ–ಹಾಳೆ, ಪೂ–ಹೂ, ಪಿಲಿ–ಹುಲಿ, ಪಂಜಿ–ಹಂದಿ. ಒಂದು ವಾರ ಮನೆಯಲ್ಲಿ ಇದೇ ಗಲಾಟೆ. ‘ಪೆತ್ತ’ ಅಂದರೆ ತುಳುವಿನಲ್ಲಿ ಹಸು, ಅದನ್ನೂ ತಿರುಗಿಸಿ “ಹೆತ್ತ ಹಾಲು ಕೊಡುತ್ತದೆ” ಅಂದಳು. ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚು ಹಾಕಿದ ಕಿಟೆಲ್ ನಿಘಂಟಿನಲ್ಲಿ ಕನ್ನಡ ಪದದ ಜೊತೆಗೇ ಅದರ ತಮಿಳು, ತೆಲುಗು, ಮಲೆಯಾಳ, ತುಳು ನೆಂಟರನ್ನೂ ಕೊಟ್ಟಿದ್ದಾರೆ. ಆ ಜರ್ಮನಿಯ ಪಾದ್ರಿಗೆ ಆಗಲೇ ಗೊತ್ತಿತ್ತು, ಪದಗಳಿಗೆ ಮನೆ ಒಂದೇ ಅಲ್ಲ ಅಂತ. ಮುಂಬೈ ಮಕ್ಕಳಿಗೆ ಕನ್ನಡ ಬಾರದು ಅಂತ ನಾವು ಕೊರಗುತ್ತೇವೆ. ಅವರ ಬಾಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಎರಡು ಮೂರು ಭಾಷೆ ಇರುತ್ತದೆ, ಒಂದಲ್ಲ ಒಂದು ಬಾಗಿಲಿನಿಂದ ಪದ ಒಳಗೆ ಬರುತ್ತದೆ. ಬರಲು ಪದ ಪುಸ್ತಕದಲ್ಲಿ ಇರಬೇಕಲ್ವಾ?

ಆ ಪತ್ರ ಬರೆದವರ ಒಂದು ಮಾತು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಸುಮ್ನೆ ಭಾರ ಹೇರುವ ಬರಹ ಇದೆ. ಸೂರ್ಯ ಹುಟ್ಟಿದ ಅನ್ನಲು ‘ಮಾರ್ತಾಂಡನು ಉದಯಾಚಲವನ್ನು ಅಲಂಕರಿಸಿದನು’ ಅನ್ನುವವರು ಮಕ್ಕಳಿಗಾಗಿ ಬರೆಯುತ್ತಿಲ್ಲ, ಬಹುಮಾನ ಕೊಡುವವರಿಗಾಗಿ ಬರೆಯುತ್ತಿದ್ದಾರೆ. ಅಂಥ ಪದ ಪೇಟ ಸುತ್ತಿಕೊಂಡು ಸಭೆಗೆ ಬಂದ ಹಾಗೆ. ಅದನ್ನು ತೆಗೆದರೆ ಕಥೆಗೆ ಏನೂ ನಷ್ಟವಿಲ್ಲ. ಕೊಟ್ಟಿಗೆ, ಹಂಡೆ, ರಕ್ತ ಹೀರುವ ಉಂಬಳ, ಗೊರಬು, ಸಂಕ ಇವು ಹಾಗಲ್ಲ. ಇವು ಕೆಲಸ ಮಾಡುವ ಪದಗಳು. ಇವಕ್ಕೆ ಬದಲಿ ಆಳು ಸಿಗುವುದಿಲ್ಲ. ಏಳನೇ ಮಾಳಿಗೆಯ ಫ್ಲ್ಯಾಟಿನಲ್ಲಿ ಜಗಲಿ ಇಲ್ಲ, ನಿಜ, ಆದರೆ ಜಿರಾಫೆಯೂ ಇಲ್ಲ, ಆದರೂ ಮಕ್ಕಳಿಗೆ ಮೂರನೇ ವರ್ಷಕ್ಕೇ ಜಿರಾಫೆ ಕಲಿಸುತ್ತೇವೆ.

ಇನ್ನು ಕೆಲವು ಪದ ಇವೆ, ವಸ್ತುವೂ ಅಲ್ಲ, ಭಾರವೂ ಅಲ್ಲ. ಪೆಚ್ಚು, ಮುನಿಸು, ತಬ್ಬಿಬ್ಬು, ಗಡಿಬಿಡಿ, ಚುಮುಚುಮು ಬೆಳಗು. ಇವನ್ನು ಯಾರೂ ಹೇಳಿಕೊಡಲು ಆಗುವುದಿಲ್ಲ, ಸನ್ನಿವೇಶವೇ ಹೇಳಬೇಕು. ಆಗಸ್ಟಿನಲ್ಲಿ ಒಂದು ಸಂಜೆ ನಾನು, ಮಗಳು ಠಾಣೆ ಸ್ಟೇಷನ್ನಿನಲ್ಲಿ ನಿಂತಿದ್ದೆವು. ಇಂಡಿಕೇಟರಿನಲ್ಲಿ ಕಲ್ಯಾಣ್ ಗಾಡಿ ಅಂತ ಇತ್ತು. ಗಾಡಿ ಬಂತು, ನಾನು ಸೆರಗು ಸಿಕ್ಕಿಸಿಕೊಂಡು, ಚೀಲ ಎದೆಗೆ ಅವಚಿಕೊಂಡು, ಪಕ್ಕದವರನ್ನು ಮೊಣಕೈಯಿಂದ ತಳ್ಳಿ ಯುದ್ಧಕ್ಕೆ ತಯಾರಾಗಿ ನಿಂತೆ. ಗಾಡಿ ನಿಲ್ಲಲೇ ಇಲ್ಲ. ದಡದಡ ಅಂತ ಹಾಗೇ ಹೋಯಿತು, ನನ್ನ ಕೂದಲು ಹಾರಿಸಿಕೊಂಡು. ಮಗಳು ನನ್ನ ಮುಖ ನೋಡಿ ಸಣ್ಣದಾಗಿ ಅಂದಳು: “ಅಮ್ಮ ಪೆಚ್ಚಾದಳು.” ತುಳು ಮಾತಿನ ನಡುವೆ ಆ ಒಂದು ವಾಕ್ಯ ಮಾತ್ರ ಕನ್ನಡ, ಪುಸ್ತಕದ ಕನ್ನಡ. ನೋಟ್‌ಬುಕ್ಕಿನಲ್ಲಿ ಆ ಪದ ಇರಲಿಲ್ಲ. ನಾನು ಆಮೇಲೆ ನೋಡಿದೆ.

ಒಂದೇ ಒಂದು ಪದ ನನಗೆ ಓದಿಸಬಾರದಿತ್ತು ಅನ್ನಿಸಿತು. ಹಸು ಹುಡುಕುತ್ತಾ ಹುಡುಗ ಒಂದು ಹಡಿಲು ಗದ್ದೆಗೆ ಬರುತ್ತಾನೆ. ಹಡಿಲು ಅಂದರೆ ಬೇಸಾಯ ಮಾಡದೆ ಬಿಟ್ಟ ಗದ್ದೆ. 2021ರಲ್ಲಿ ಉಡುಪಿ ಕಡೆ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ನಾಟಿ ಮಾಡುವ ಆಂದೋಲನ ನಡೆದಾಗ ಈ ಪದ ಪೇಪರುಗಳಲ್ಲಿ ದಿನಾ ಬರುತ್ತಿತ್ತು. ಹಾಗಾಗಿ ಇದು ಸತ್ತ ಪದವಲ್ಲ, ಪುಸ್ತಕದ ಪದವೂ ಅಲ್ಲ. ಮಗಳು “ಅಜ್ಜ, ಹಡಿಲು ಅಂದ್ರೆ?” ಅಂದಳು. ಅಪ್ಪ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ “ಈ ಸಲ ಊರಿಗೆ ಹೋದಾಗ ನಮ್ಮ ಮನೆಯ ಕೆಳಗೆ ನೋಡಿದೆಯಲ್ಲ, ಹುಲ್ಲು ಬೆಳೆದದ್ದು, ಅದು” ಅಂದು ಲೈಟ್ ಆರಿಸಲು ಹೇಳಿದರು. ಆವತ್ತಿನ ಓದು ಅಲ್ಲಿಗೇ ಮುಗಿಯಿತು.

ಈಗ ನನ್ನ ಬೇ­ಡಿಕೆ. ನಿಮ್ಮ ಭಾನುವಾರದ ಮಕ್ಕಳ ಪುಟ ನಾವು ತಪ್ಪದೆ ನೋಡುತ್ತೇವೆ. ಬೇಜಾರು ಮಾಡಿಕೊಳ್ಳಬೇಡಿ, ಅಲ್ಲಿ ಬರುವ ಕಥೆಗಳು ಅಂಗೈಯಗಲ ಇರುತ್ತವೆ. ನರಿ ಬರುತ್ತದೆ, ದುರಾಸೆ ಪಡುತ್ತದೆ, ಪಾಠ ಕಲಿಯುತ್ತದೆ, ಜಾಗ ಮುಗಿಯುತ್ತದೆ. ಅಷ್ಟರಲ್ಲಿ ಒಂದು ಪದ ಎರಡನೇ ಸಲ ಬರಲು ಅವಕಾಶವೇ ಇಲ್ಲ. ಹಳ್ಳದ ತಪ್ಪು ತಿದ್ದಲು ಮಗಳಿಗೆ ಮೂವತ್ತು ನಲವತ್ತು ಪುಟ ಬೇಕಾಯಿತು. ಆದ್ದರಿಂದ ಒಂದು ಮಕ್ಕಳ ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಿ. ವಾರಕ್ಕೆ ಒಂದು ಅಧ್ಯಾಯ. ಒಂದು ಕ್ರಾಸ್‌ವರ್ಡ್, ಒಂದು ಬಣ್ಣ ತುಂಬುವ ಚಿತ್ರ ಬಿಟ್ಟರೆ ಜಾಗ ಆಗುತ್ತದೆ. ಪದಗಳಿಗೆ ಕತ್ತರಿ ಹಾಕಬೇಡಿ. ಪುಟದ ಕೆಳಗೆ ಅರ್ಥವೂ ಬೇಡ.

ಬದಲಿಗೆ ಒಂದು ಸಣ್ಣ ಚೌಕದಲ್ಲಿ ಮನೆಯ ಹಿರಿಯರಿಂದ ಬರೆಸಿ. ಈ ವಾರದ ಅಧ್ಯಾಯದಲ್ಲಿ ಬಂದ ಯಾವುದಾದರೂ ಒಂದು ಪದ, ಅದರ ಬಗ್ಗೆ ಅವರಿಗೆ ಗೊತ್ತಿರುವುದು ನಾಲ್ಕು ಸಾಲು. ಓದುಗರು ಪದ ಕೇಳುವುದು, ಪತ್ರಿಕೆ ಉತ್ತರ ಕೊಡುವುದು ಹೊಸದೇನಲ್ಲ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯಲ್ಲಿ 1991ರಿಂದ ವರ್ಷಗಟ್ಟಲೆ ‘ಇಗೋ ಕನ್ನಡ’ ಬರೆದರು, ಜನ ಪೋಸ್ಟ್‌ಕಾರ್ಡಿನಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಅಂಥ ವಿದ್ವಾಂಸರು ನಿಮಗೆ ಪ್ರತಿ ವಾರ ಸಿಗಲಿಕ್ಕಿಲ್ಲ. ಆದರೆ ಡೊಂಬಿವಲಿ, ಭಾಂಡುಪ್, ಕಾಂದಿವಲಿ, ಮೀರಾರೋಡಿನಲ್ಲಿ ಟಿವಿ ಮುಂದೆ ಸುಮ್ಮನೆ ಕೂತಿರುವ ಹೋಟೆಲಿನ ಹಳೆಯ ಕೆಲಸಗಾರರು ಬೇಕಾದಷ್ಟು ಸಿಗುತ್ತಾರೆ, ಸಂಕ ಹೇಗೆ ದಾಟುವುದು ಅಂತ ಬಲ್ಲವರು. ಬರೆಯಲು ಬಾರದಿದ್ದರೆ ಮೊಮ್ಮಕ್ಕಳು ಬರೆದುಕೊಳ್ಳಲಿ.

ಅಪ್ಪ ಬರೆಯಿಸಲು ತಯಾರಿದ್ದಾರೆ. ಆದರೆ ಅವರಿಗೆ ಸದ್ಯಕ್ಕೆ ಬೇರೆ ಚಿಂತೆ. ಕೊನೆಯ ಎರಡು ಅಧ್ಯಾಯ ಇನ್ನೂ ಓದಿ ಆಗಿಲ್ಲ, ಮಗಳಿಗೆ ಪರೀಕ್ಷೆ ಇತ್ತು. ಹಸು ಸಿಕ್ಕಿತೋ ಇಲ್ಲವೋ ಅಂತ ನನ್ನನ್ನು ಎರಡು ಸಲ ಕೇಳಿದರು. ನಾನು ಓದಿ ಮುಗಿಸಿದ್ದೇನೆ, ಆದರೆ ಹೇಳುವ ಹಾಗಿಲ್ಲ ಅಂತ ಮಗಳ ಅಪ್ಪಣೆಯಾಗಿದೆ.

— ಓದುಗಳೊಬ್ಬಳು, ಡೊಂಬಿವಲಿ ಪೂರ್ವ